ಹಳೇ ಮಾರುತಿ 800: ಮುಂದಿನ ಚಕ್ರದ ಟಕ್ ಟಕ್ ಸದ್ದು, ಸ್ಟೇರಿಂಗ್ ಆಟ

ಪ್ರಶ್ನೆ (ಮಲ್ಪೆಯಿಂದ): ನಮ್ಮದು 2005ರ ಮಾರುತಿ 800. ಅಪ್ಪನ ಕಾರು, ಮಾರುವ ಯೋಚನೆ ಇಲ್ಲ. ಸಣ್ಣ ಹೊಂಡಕ್ಕೆ ಇಳಿದರೂ ಮುಂದಿನ ಎಡಚಕ್ರದ ಹತ್ತಿರ ಟಕ್ ಟಕ್ ಸದ್ದು. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತದೆ, ಸ್ಟೇರಿಂಗಿನಲ್ಲೂ ಆಟ (ಸಡಿಲ) ಇದೆ. ಅಲೈನ್‌ಮೆಂಟ್ ಮಾಡಿಸಿದೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಒಬ್ಬರು ಶಾಕ್ ಬದಲಿಸಿ ಅಂತಾರೆ, ಇನ್ನೊಬ್ಬರು ರ‍್ಯಾಕ್ (ಸ್ಟೇರಿಂಗ್ ತಿರುಗಿಸಿದಂತೆ ಚಕ್ರ ತಿರುಗಿಸುವ ಹಲ್ಲಿನ ಸರಳು) ಅಂತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಉಡುಪಿಯ ಗ್ಯಾರೇಜಿನಿಂದ): ಈಗಲೇ ಏನನ್ನೂ ಬದಲಿಸಬೇಡಿ. ಅಲೈನ್‌ಮೆಂಟ್ ಯಾವಾಗಲೂ ಕೊನೆಯ ಕೆಲಸ. ಸವೆದ ಭಾಗ ಹಾಗೇ ಇಟ್ಟು ಟೋ (ಚಕ್ರಗಳ ಮುಂಭಾಗ ಒಳಕ್ಕೆ ಹೊರಕ್ಕೆ ತಿರುಗಿರುವ ಅಳತೆ) ಸರಿಮಾಡಿದರೆ ಅದು ನಿಲ್ಲುವುದಿಲ್ಲ.

ಚಕ್ರ ಎತ್ತಿ, ಕಾರಿನ ಅಡಿಗೆ ಸ್ಟ್ಯಾಂಡ್ ಕೊಡಿ, ಜ್ಯಾಕ್ ಒಂದನ್ನೇ ನಂಬಬೇಡಿ. ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಹೆಚ್ಚಾಗಿ ಟೈ ರಾಡ್ ಎಂಡ್ (ಸ್ಟೇರಿಂಗಿನ ಸರಳು ಚಕ್ರಕ್ಕೆ ಸೇರುವ ತುದಿ), ಇಲ್ಲವೇ ರ‍್ಯಾಕ್. ಮೇಲೆ ಕೆಳಗೆ ಹಿಡಿದಾಗ ಆಟ ಸಿಕ್ಕಿದರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಟ ಮಾಯವಾದರೆ ಚಕ್ರದ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್ (ಚಕ್ರವನ್ನು ಕೆಳಗಿನ ತೋಳಿಗೆ, ಅಂದರೆ ಲೋವರ್ ಆರ್ಮಿಗೆ, ಸೇರಿಸುವ ಕೀಲು). ನಿಂತಲ್ಲೇ ಸ್ಟೇರಿಂಗ್ ತಿರುಗಿಸುವಾಗ ಮೇಲಿನಿಂದ ಕಿರ್ ಅಂದರೆ ಸ್ಟ್ರಟ್ ಮೌಂಟ್ (ಶಾಕಿನ ಮೇಲ್ತುದಿ ಬಾಡಿಗೆ ಕೂರುವ ಜಾಗ) ನೋಡಿ.

ಬ್ರೇಕಿಗೆ ಎಳೆಯುತ್ತದೆ ಅಂದಿರಲ್ಲ, ಬ್ರೇಕನ್ನೂ ನೋಡಿಸಿ, ಆದರೆ ನನಗೆ ಜಾಸ್ತಿ ಅನುಮಾನ ಸ್ಟೆಬಿಲೈಜರ್ ಬಾರಿನ ಬುಶ್ (ಅದನ್ನು ಹಿಡಿಯುವ ರಬ್ಬರ್) ಮೇಲೆ. ಈ ಕಾರಿನಲ್ಲಿ ಲೋವರ್ ಆರ್ಮ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವುದೇ ಆ ಬಾರ್. ಬುಶ್ ಸತ್ತರೆ ಬ್ರೇಕ್ ಹಾಕಿದಾಗ ಚಕ್ರ ಜಾಗ ಬಿಡುತ್ತದೆ, ಸದ್ದೂ ಬರುತ್ತದೆ. ಅಗ್ಗದ ರಬ್ಬರ್, ಅದಕ್ಕೇ ಯಾರೂ ಅದರ ಕಡೆ ನೋಡುವುದಿಲ್ಲ.

ಲೋವರ್ ಆರ್ಮಿನ ಬುಶ್ಶನ್ನೂ ಹಾಕಿಸಿದರೆ ಒಂದು ಮಾತು ಗಟ್ಟಿಯಾಗಿ ಹೇಳಿ: ಕೊನೆಯ ಬಿಗಿತ ಕಾರು ನೆಲದ ಮೇಲೆ ನಿಂತ ಮೇಲೆ. ಚಕ್ರ ನೇತಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಟೈ ರಾಡ್ ಎಂಡಿಗೆ ಹೊಸ ಸ್ಪ್ಲಿಟ್ ಪಿನ್ನೇ (ನಟ್ ಕಳಚದಂತೆ ತಡೆಯುವ ಪಿನ್) ಹಾಕಬೇಕು, ಹಳೇದನ್ನು ನೆಟ್ಟಗೆ ಮಾಡಿ ತುರುಕುವುದು ಬೇಡ.

ಪ್ರಶ್ನೆ: ನೋಡಿಸಿದೆ, ನೀವು ಹೇಳಿದ ಬುಶ್ಶೇ ಪುಡಿಯಾಗಿದೆ. ಬಾಲ್ ಜಾಯಿಂಟಿನ ಬೂಟ್ (ರಬ್ಬರ್ ಮುಸುಕು) ಕೂಡ ಹರಿದಿದೆ, ಆದರೆ ಆಟ ಇಲ್ಲ. ಅದು ಸದ್ಯ ಇರಲಿ ಅಲ್ವಾ? ಮತ್ತೆ, ಮಳೆಗಾಲಕ್ಕೆ ಮುಂಚೆ ಕಾರಿನ ಅಡಿಗೆ ಹಳೇ ಆಯಿಲ್ ಹೊಡೆಸಬಹುದಾ?

ಉತ್ತರ: ಆಯಿಲ್ ಬೇಡವೇ ಬೇಡ ಮಾರಾಯ್ರೆ. ತಗಡಿಗೆ ತುಕ್ಕು ಬಾರದಿರಲಿ ಅಂತ ಹೊಡೆಸುತ್ತಾರೆ, ಆದರೆ ಆಯಿಲ್, ಡೀಸೆಲ್ ಬಿದ್ದ ಬುಶ್ ಉಬ್ಬಿ ಮೆತ್ತಗಾಗುತ್ತದೆ. ಹೊಸದಾಗಿ ಹಾಕಿಸಿದ್ದು ಸುಮ್ನೆ ಹಾಳು. ಕಡಲ ಬದಿಯ ಹೊಯಿಗೆ, ಉಪ್ಪು ಹೋಗಲು ಒಳ್ಳೆ ನೀರಲ್ಲಿ ಅಡಿ ತೊಳೆಯಿರಿ.

ಬೂಟ್ ಹರಿದದ್ದನ್ನು ಇರಲಿ ಅನ್ನಬೇಡಿ. ಒಳಗಿನ ಗ್ರೀಸ್ ತೊಳೆದುಹೋಗಿ ನೀರು, ಹೊಯಿಗೆ ಸೇರಿದರೆ ಜಾಯಿಂಟ್ ಒಳಗಿಂದಲೇ ಸವೆಯುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ಅದು ನಿಲ್ಲಲ್ಲ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ, ಆಗ ಸ್ಟೇರಿಂಗ್ ಹಿಡಿದು ಏನೂ ಮಾಡಲಾಗದು. ಬುಶ್ ಜೊತೆಗೇ ಅದನ್ನೂ ಮುಗಿಸಿ, ಆಮೇಲೆ ಅಲೈನ್‌ಮೆಂಟ್. ಅಲ್ಲಿವರೆಗೆ ಶಿರಾಡಿ, ಆಗುಂಬೆ ಕಡೆ ಹೊರಡಬೇಡಿ.