ತಲೆಯ ಮೇಲೆ ಭಾರ ಹೊತ್ತವರ ಮಣಿಕಟ್ಟು ಮುರಿದದ್ದೇಕೆ?

ಪ್ರಶ್ನೆ (ಅಂಕೋಲಾ):
ನಮ್ಮ ತಾಯಿ ಮೂವತ್ತು ವರ್ಷ ಸಿಂಬೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ತಿರುಗಿದವರು. ಈಗ ಅವರಿಗೆ 63 ವರ್ಷ. ಈ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಕೈಯೂರಿದಾಗ ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರಗಳ ನಂತರ ಪ್ಲಾಸ್ಟರ್ ಬಿಚ್ಚಿದಾಗ ತೋಳು ಸೊರಗಿತ್ತು. ಎಕ್ಸ್-ರೇಯಲ್ಲಿ ಆ ಕೈಯ ಮೂಳೆ ಮೊದಲಿಗಿಂತ ಮಸುಕಾಗಿತ್ತು. ಭಾರ ಬಿದ್ದಷ್ಟೂ ಮೂಳೆ ಗಟ್ಟಿಯಾಗುತ್ತದೆ ಎನ್ನುತ್ತಾರಲ್ಲ, ಹಾಗಾದರೆ ಇದೇಕೆ ಹೀಗಾಯಿತು? ಭಾರ ಬಿದ್ದದ್ದು ಮೂಳೆಗೆ ತಿಳಿಯುವುದಾದರೂ ಹೇಗೆ?

ಉತ್ತರ (ಕಾರವಾರ, ಫಿಸಿಯೋಥೆರಪಿಸ್ಟ್):
ಬುಟ್ಟಿಯ ಭಾರ ಬೆನ್ನೆಲುಬು, ಸೊಂಟ, ಕಾಲುಗಳ ಮೂಲಕ ನೆಲಕ್ಕಿಳಿಯುತ್ತದೆ. ಮಣಿಕಟ್ಟಿಗೆ ಅದರ ಪಾಲು ಬಹಳ ಕಡಿಮೆ. ಮೂಳೆ ಬಲಗೊಳ್ಳುವುದು ಮುಖ್ಯವಾಗಿ ಭಾರ ಬಿದ್ದ ಜಾಗದಲ್ಲಿ. ಟೆನಿಸ್ ಆಟಗಾರರಲ್ಲಿ ರಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದಕ್ಕಿಂತ ದಪ್ಪವಾಗಿರುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ಮೂಳೆ ಸವೆಯುವುದನ್ನೂ ಇಲ್ಲಿ ಮರೆಯಬಾರದು.

ಇನ್ನು ತಿಳಿಯುವ ಬಗೆ. ವಯಸ್ಕರ ಮೂಳೆಯಲ್ಲಿರುವ ಜೀವಕೋಶಗಳಲ್ಲಿ ಶೇ. 90ಕ್ಕೂ ಹೆಚ್ಚು ಆಸ್ಟಿಯೋಸೈಟ್‌ಗಳು. ಇವು ಗಟ್ಟಿ ಮೂಳೆಯೊಳಗಿನ ಪುಟ್ಟ ಗೂಡುಗಳಲ್ಲಿದ್ದು, ಅತಿ ಸಣ್ಣ ನಾಳಗಳ ಮೂಲಕ ಎಳೆಗಳನ್ನು ಚಾಚಿ ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ನಾವು ಹೆಜ್ಜೆಯೂರಿದಾಗ ಮೂಳೆ ಕಣ್ಣಿಗೆ ಕಾಣದಷ್ಟು ಬಾಗಿ, ನಾಳಗಳಲ್ಲಿನ ದ್ರವ ಅತ್ತಿತ್ತ ಹರಿಯುತ್ತದೆ. ಆ ಹರಿವನ್ನು ಗ್ರಹಿಸಿದ ಜೀವಕೋಶಗಳು, ಮೂಳೆ ಕಟ್ಟುವ ಕೆಲಸವನ್ನು ತಡೆಯುವ ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನನ್ನು ಕಡಿಮೆ ಮಾಡುತ್ತವೆ. ಪ್ಲಾಸ್ಟರಿನೊಳಗೆ ಆಗುವುದು ಇದಕ್ಕೆ ವಿರುದ್ಧ: ಸ್ಕ್ಲೆರೋಸ್ಟಿನ್ ಏರುತ್ತದೆ, ಕೆಲವು ಆಸ್ಟಿಯೋಸೈಟ್‌ಗಳು ಸಾಯುತ್ತವೆ, ಮೂಳೆ ಕರಗಿಸುವ ಜೀವಕೋಶಗಳಿಗೆ ಕರೆ ಹೋಗುತ್ತದೆ. ಬಾಹ್ಯಾಕಾಶದಲ್ಲಿ ತೂಕವೇ ಇಲ್ಲದ ಗಗನಯಾತ್ರಿಗಳು ಸೊಂಟದ ಭಾಗದ ಮೂಳೆಯನ್ನು ತಿಂಗಳಿಗೆ ಶೇ. 1ರಿಂದ 1.5ರಷ್ಟು ಕಳೆದುಕೊಳ್ಳುವುದೂ ಹೀಗೆಯೇ.

ಉತ್ತರ (ಶಿರಸಿ, ಅಡಿಕೆ ಬೆಳೆಗಾರ):
ನಮ್ಮ ತೋಟಕ್ಕೆ ಬರುವ ಕೊನೆಗೌಡರು ಬೆಳಗಿನಿಂದ ಮರ ಹತ್ತಿ ಇಳಿಯುತ್ತಲೇ ಇರುತ್ತಾರೆ. ಹಾಗಾದರೆ ಭಾರ ಹೆಚ್ಚಿದಷ್ಟೂ ಒಳ್ಳೆಯದೇ? ಅತಿಯಾದರೆ ಈ ಜೀವಕೋಶಗಳಿಗೆ ಕೆಡುಕಿಲ್ಲವೇ ಸ್ವಾಮಿ?

ಉತ್ತರ (ಕಾರವಾರ):
ಕೆಡುಕು ಉಂಟು. ಮತ್ತೆ ಮತ್ತೆ ಬೀಳುವ ಅತಿಭಾರದಿಂದ ಮೂಳೆಯಲ್ಲಿ ಸೂಕ್ಷ್ಮ ಬಿರುಕುಗಳು ಮೂಡುತ್ತವೆ, ಅವುಗಳ ಸುತ್ತಲಿನ ಆಸ್ಟಿಯೋಸೈಟ್‌ಗಳು ಸಾಯುತ್ತವೆ. ಆ ಸಾವೇ ದುರಸ್ತಿಗೆ ಕರೆ. ಆದರೆ ಹಳೆಯದನ್ನು ಕರಗಿಸಲು ವಾರಗಳು ಸಾಕು, ಹೊಸದನ್ನು ತುಂಬಲು ತಿಂಗಳುಗಳೇ ಬೇಕು; ಬಿಡುವಿಲ್ಲದೆ ದುಡಿದರೆ ಬಿರುಕು ಬೆಳೆಯುತ್ತದೆ. ಅಲ್ಲದೆ, ಒಂದೇ ಸಮನೆ ಭಾರ ಹಾಕಿದರೆ ಜೀವಕೋಶಗಳು ಬೇಗ ಜಡವಾಗುತ್ತವೆ. 1984ರಲ್ಲಿ ರೂಬಿನ್ ಮತ್ತು ಲ್ಯಾನ್ಯನ್ ಹುಂಜಗಳ ರೆಕ್ಕೆಯ ಮೂಳೆಯ ಮೇಲೆ ದಿನಕ್ಕೆ 36 ಸಲ ಭಾರ ಹಾಕಿದಾಗ ಮೂಳೆ ಬೆಳೆಯಿತು. 1800 ಸಲ ಹಾಕಿದರೂ ಅದಕ್ಕಿಂತ ಹೆಚ್ಚು ಬೆಳೆಯಲಿಲ್ಲ. ಆದ್ದರಿಂದ ನಿಮ್ಮ ತಾಯಿಗೆ, ಮೂಳೆತಜ್ಞರು ಒಪ್ಪಿದ ಮೇಲೆ, ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಎರಡು ಮೂರು ಸಲ ಬಿಟ್ಟು ಬಿಟ್ಟು ಕೈಗೆ ಕೆಲಸ ಕೊಡಿ.

ಪ್ರಶ್ನೆ ಕೇಳಿದವರು:
ತಜ್ಞರು ಒಪ್ಪಿದ್ದಾರೆ. ಇಂದು ಬೆಳಿಗ್ಗೆ ಒದ್ದೆ ಪಂಚೆಯನ್ನು ಹತ್ತು ಸಲ ಹಿಂಡಿದರು. ಸಂಜೆ ಇನ್ನೊಮ್ಮೆ ಹಿಂಡುತ್ತಾರಂತೆ.