ಪದಚರ್ಚೆ: ಸಮೀಕ್ಷೆಯ ನಮೂನೆಯಲ್ಲಿ ‘ಲಿಂಗ’ ಒಂದೇ ಸಾಕೇ?

ಕೊಪ್ಪಳದಿಂದ:
ಎಲ್ಲರಿಗೂ ನಮಸ್ಕಾರ. ಕೊಪ್ಪಳ, ರಾಯಚೂರು ಜಿಲ್ಲೆಗಳ ಆರೋಗ್ಯ ಸಮೀಕ್ಷೆಯೊಂದರ ಪ್ರಶ್ನಾವಳಿ ಮತ್ತು ಒಪ್ಪಿಗೆ ಪತ್ರ ಶುಕ್ರವಾರ ಅಚ್ಚಿಗೆ ಹೋಗಬೇಕು. ಇಂಗ್ಲಿಷ್ ಮೂಲದಲ್ಲಿ ‘ಸೆಕ್ಸ್’ (ಹುಟ್ಟಿನ ದೇಹ), ‘ಜೆಂಡರ್’ (ತಾನು ಗಂಡೋ, ಹೆಣ್ಣೋ, ಬೇರೆಯೋ ಎಂಬ ಅರಿವು) ಬೇರೆ ಬೇರೆ ಪ್ರಶ್ನೆ. ಕರಡಿನಲ್ಲಿ ಎರಡಕ್ಕೂ ‘ಲಿಂಗ’ ಎಂದೇ ಇದೆ. ಎರಡನೆಯದಕ್ಕೆ ‘ಲಿಂಗ ಗುರುತು’ ನಡೆದೀತೆ? ಉತ್ತರಕ್ಕೆ ಗುರುತು ಹಾಕುವ ಮನೆಗಳಲ್ಲಿ (ಚೌಕಗಳಲ್ಲಿ) ಗಂಡು, ಹೆಣ್ಣು, ಮಂಗಳಮುಖಿ ಸಾಕೇ? ಯಾರತ್ತ ಆಕರ್ಷಣೆ ಎಂದು ಕೇಳುವಲ್ಲಿ ಬಳಸಿದ ‘ಲೈಂಗಿಕ ದೃಷ್ಟಿಕೋನ’ ಎಂಬುದೂ ಸರಿ ಕಾಣುತ್ತಿಲ್ಲ.

ಬಳ್ಳಾರಿಯಿಂದ:
‘ಲಿಂಗ ಗುರುತು’ ತಪ್ಪು. ಸಂಸ್ಕೃತದಲ್ಲಿ ಲಿಂಗ ಎಂದರೇ ಗುರುತು. ಗುರುತಿನ ಗುರುತು ಎಂದಾಯಿತು. ಮೊದಲನೆಯದಕ್ಕೆ ‘ಹುಟ್ಟೊಡಲು’, ಎರಡನೆಯದಕ್ಕೆ ‘ತನ್ನರಿವು’ ಎನ್ನಿ. ಕನ್ನಡದ ಬೇರಿನಿಂದ ಪದ ಕಟ್ಟಬಹುದಾದಾಗ ಎರವಲು ಏಕೆ?

ಸಿಂಧನೂರಿನಿಂದ:
ಮೇಷ್ಟ್ರೇ, ‘ನಿಮ್ಮ ತನ್ನರಿವು ಏನ್ರಿ’ ಅಂತ ಬಾಗಿಲಲ್ಲಿ ನಿಂತು ಕೇಳಿದರೆ ಯಾರಿಗೂ ತಿಳಿಯೋದಿಲ್ಲ. ಪ್ರಶ್ನೆಯಲ್ಲಿ ನಾಮಪದವೇ ಬೇಡ, ವಾಕ್ಯ ಸಾಕು. ‘ಹುಟ್ಟಿದಾಗ ನಿಮ್ಮನ್ನು ಏನೆಂದು ಬರೆಸಿದರು: ಗಂಡು / ಹೆಣ್ಣು?’ ಆಮೇಲೆ ‘ಈಗ ನೀವು ನಿಮ್ಮನ್ನು ಏನೆಂದು ಹೇಳಿಕೊಳ್ಳುತ್ತೀರಿ?’ ಎರಡನ್ನೂ ಕೇಳಲೇಬೇಕು. ಒಂದೇ ಕೇಳಿದರೆ ‘ಹೆಣ್ಣು’ ಎಂದ ಟ್ರಾನ್ಸ್ ಮಹಿಳೆ (ಹುಟ್ಟಿದಾಗ ಗಂಡೆಂದು ಬರೆಸಿದ್ದು, ಈಗ ಹೆಣ್ಣೆಂದು ಹೇಳಿಕೊಳ್ಳುವವರು) ಲೆಕ್ಕದಲ್ಲಿ ಕಾಣೆಯಾಗುತ್ತಾರೆ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಬಿಟ್ಟರೆ ‘ಇತರೆ’ ಒಂದೇ. ದೇಶದ 4,87,803 ಜನ ಅದರೊಳಗೆ ಸೇರಿದರು, ಯಾರು ಯಾರೆಂದು ಅದರಿಂದ ಬಿಡಿಸಲಾಗದು.

‘ಮಂಗಳಮುಖಿ’ ಒಂದೇ ಹಾಕಬೇಡಿ. ಆ ‘ಮುಖಿ’ ಸ್ತ್ರೀರೂಪ, ಟ್ರಾನ್ಸ್ ಪುರುಷರು (ಹೆಣ್ಣೆಂದು ಬರೆಸಿದ್ದು, ಈಗ ಗಂಡೆಂದು ಹೇಳಿಕೊಳ್ಳುವವರು) ಅದರಲ್ಲಿ ಸೇರುವುದಿಲ್ಲ. ಟ್ರಾನ್ಸ್ ಮಹಿಳೆ, ಟ್ರಾನ್ಸ್ ಪುರುಷ, ಜೋಗಪ್ಪ ಬೇರೆ ಬೇರೆ ಮನೆ, ಜೊತೆಗೆ ‘ಬೇರೆ (ಅವರದೇ ಮಾತಿನಲ್ಲಿ ಬರೆಯಿರಿ)’. ಹುಲಿಗೆಮ್ಮನ ಗುಡಿಯಿರುವ ಹುಲಿಗಿ ಕಡೆ ಜೋಗಪ್ಪ ಅಂದರೆ ಮುತ್ತು ಕಟ್ಟಿಸಿಕೊಂಡು ದೇವಿಯ ಸೇವೆಗೆ ನಿಂತವರು. ಅದನ್ನು ‘ಟ್ರಾನ್ಸ್‌ಜೆಂಡರ್’ ಪದದ ಅನುವಾದ ಎಂದು ಬಳಸಬಾರದು. ಜೋಗತಿ ಎಂದರಂತೂ ಇನ್ನೂ ಎಚ್ಚರ ಬೇಕು, ಹುಟ್ಟಿನಿಂದ ಹೆಣ್ಣಾದವರೂ ಜೋಗತಿಯರೇ. ಮೊದಲ ಪ್ರಶ್ನೆಯ ಉತ್ತರ ನೋಡದೆ ಗುಂಪು ಮಾಡಿದರೆ ಕೋಷ್ಟಕವೇ ಕೆಡುತ್ತದೆ.

ರಾಯಚೂರಿನಿಂದ:
‘ದೃಷ್ಟಿಕೋನ’ ತೆಗೆಯಿರಿ, ‘ಒಲವು’ ಸಾಕು. ಆದರೆ ಒಲವು ಬೇರೆ, ನಡೆ ಬೇರೆ. ಮದುವೆಯಾದ ಗಂಡಸರು ಗಂಡಸರ ಜೊತೆಗೂ ಇರಬಹುದು, ‘ಸಲಿಂಗಿ’ ಎಂಬ ಮನೆಗೆ ಗುರುತು ಹಾಕುವುದಿಲ್ಲ. ಎಚ್‌ಐವಿ ಅಪಾಯ ಅಳೆಯಲು ನಡೆಯನ್ನೇ ಕೇಳಿ: ‘ಕಳೆದ 12 ತಿಂಗಳಲ್ಲಿ ನಿಮ್ಮ ಸಂಗಾತಿಗಳು ಗಂಡಸರೋ, ಹೆಂಗಸರೋ, ಟ್ರಾನ್ಸ್ ವ್ಯಕ್ತಿಗಳೋ? ಎಷ್ಟಾದರೂ ಆರಿಸಿ.’

ಟ್ಯಾಬ್‌ನಲ್ಲಿ ‘ಗಂಡು’ ಒತ್ತಿದ ಕೂಡಲೇ ಗರ್ಭಕೋಶದ ಪ್ರಶ್ನೆಗಳು ಹಾರಿಹೋಗುವಂತೆ ಇಟ್ಟಿದ್ದರೆ ಬದಲಿಸಿ. ಟ್ರಾನ್ಸ್ ಪುರುಷರಿಗೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ತಪ್ಪುವುದು ಅಲ್ಲೇ. ‘ಗರ್ಭಕೋಶ ಇದೆಯೇ?’ ಎಂದು ನೇರ ಕೇಳಿ.

ಬಳ್ಳಾರಿಯಿಂದ:
ಟ್ರಾನ್ಸ್, ಟ್ಯಾಬ್, ಕ್ಯಾನ್ಸರ್! ಕನ್ನಡ ಎಲ್ಲಿ ಉಳಿಯಿತು? ‘ಲಿಂಗ ಗುರುತು’ ಬಗ್ಗೆ ಎತ್ತಿದ ಮಾತಿಗೆ ಯಾರೂ ಉತ್ತರಿಸಿಲ್ಲ.

ರಾಯಚೂರಿನಿಂದ:
ಉತ್ತರ ಇಷ್ಟೇ: ವ್ಯುತ್ಪತ್ತಿ ಸರಿ, ಬಳಕೆಗೆ ಅದು ಅಡ್ಡಿಯಲ್ಲ. ಎರವಲಿನ ಮಾತಿಗೆ ಬಂದರೆ, ನಿಜಾಮರ ಕಾಲದ ಕಚೇರಿ ಕಂಡ ನಮ್ಮ ಕಡೆ ಅರ್ಜಿ, ಜಿಲ್ಲೆ, ತಾಲ್ಲೂಕು ಎಲ್ಲ ಹೊರಗಿನವೇ. ‘ಆಸ್ಪತ್ರೆ’ಯೂ ಹೊರಗಿನದೇ. ಜನ ತಮ್ಮನ್ನು ಕರೆದುಕೊಳ್ಳುವ ಹೆಸರನ್ನು ನಾವು ತಿದ್ದಬಾರದು.

ಕೊಪ್ಪಳದಿಂದ:
ವಾಕ್ಯಗಳನ್ನೇ ತೆಗೆದುಕೊಂಡೆ. ಒಪ್ಪಿಗೆ ಪತ್ರದ ತಲೆಬರಹ ‘ಲೈಂಗಿಕ ಅಲ್ಪಸಂಖ್ಯಾತರ ಆರೋಗ್ಯ ಅಧ್ಯಯನ’ ಎಂದಿದೆ. ಸರಿಯೇ?

ಸಿಂಧನೂರಿನಿಂದ:
ಬೇಡವೇ ಬೇಡ. ಒಂದು ಪ್ರತಿ ಅವರ ಮನೆಗೆ ಹೋಗುತ್ತದೆ, ಅತ್ತೆ ಮಾವ ಓದುತ್ತಾರೆ. ‘ಆರೋಗ್ಯ ಸಮೀಕ್ಷೆ’ ಎಂದಷ್ಟೇ ಹಾಕಿ, ವಿಷಯವನ್ನು ಬಾಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಿರಿ. ಈ ಭಾಗವನ್ನು ಅದೇ ಊರಿನ ಆಶಾ ಕಾರ್ಯಕರ್ತೆಯಿಂದ ಕೇಳಿಸಬೇಡಿ. ಊರುವಾರು ಕೋಷ್ಟಕದಲ್ಲಿ ಒಬ್ಬರು, ಇಬ್ಬರು ಎಂದು ಬಂದರೆ ಯಾರೆಂದು ಊರಿಗೆ ತಿಳಿಯುತ್ತದೆ, ಅಂಥವನ್ನು ತಾಲ್ಲೂಕಿಗೆ ಸೇರಿಸಿ. ಕ್ರಿಯಾಪದಗಳನ್ನೂ ಇನ್ನೊಮ್ಮೆ ನೋಡಿ: ಕರಡಿನಲ್ಲಿ ‘ಭಾಗವಹಿಸುವವನು’ ಉಳಿದಿದ್ದರೆ ‘ಭಾಗವಹಿಸುವವರು’ ಮಾಡಿ. ಪ್ರತಿ ಪ್ರಶ್ನೆಗೂ ‘ಹೇಳಲು ಇಷ್ಟವಿಲ್ಲ’ ಎಂಬ ಮನೆ ಇರಲಿ, ಅದನ್ನು ‘ಗೊತ್ತಿಲ್ಲ’ದ ಜೊತೆ ಕೂಡಿಸಬೇಡಿ.