ಅಪ್‌ಡೇಟ್: ಇಂಪ್ಯಾಕ್ಟ್ ರೆಂಚ್ ತಗೊಂಡೀನ್ರಿ, ಕಾರ್ಡ್‌ಲೆಸ್ಸೇ

ಹೋದ ಸಲ ಕೇಳಿದ್ನಲ್ರಿ, ಮನ್ಯಾಗ ಸ್ವಿಫ್ಟ್ ಕಾರಿನ ಕೆಲಸಕ್ಕ ಇಂಪ್ಯಾಕ್ಟ್ ರೆಂಚ್ (ಬಡದು ಬಡದು ನಟ್ ಬಿಚ್ಚೋ ಮಷಿನ್) ಬೇಕು, ಕಂಪ್ರೆಸರ್ ಗಾಳಿಯಿಂದ ನಡಿಯೋ ಏರ್ ಗನ್ ತಗೊಳ್ಳೋದೋ ಬ್ಯಾಟರಿ ಮ್ಯಾಲ ನಡಿಯೋ ಕಾರ್ಡ್‌ಲೆಸ್ಸೋ ಅಂತ, ಕಾರ್ಡ್‌ಲೆಸ್ಸೇ ತಗೊಂಡೀನಿ, ಸಾಕೆಟ್ ಹಾಕೋ ತುದಿ ಅರ್ಧ ಇಂಚಿಂದು, 20 ವೋಲ್ಟ್, ಬ್ರಶ್‌ಲೆಸ್ (ಮೋಟಾರಿನಾಗ ಕಾರ್ಬನ್ ಬ್ರಶ್ ಇರೂದಿಲ್ಲ). ಏರ್ ಗನ್ನಿಗೆ ದೊಡ್ಡ ಟ್ಯಾಂಕಿನ ಕಂಪ್ರೆಸರ್ ಬೇಕು, ಇಲ್ಲಿ ಕಲಬುರಗಿ ಮನಿ ಅಂಗಳದಾಗ ಅದನ್ನ ಎಲ್ಲಿಡ್ಲಿ, ಮ್ಯಾಲ ಕರೆಂಟ್ ಹೋದ್ರ ಕೆಲಸ ನಿಂತೇ ಬಿಡ್ತದ.

ಹಿಂದಿನ ಗಾಲಿದ್ದು ಒಂದ್ ನಟ್ ತುಕ್ಕು ಹಿಡಿದು ಕುಂತಿತ್ತು, ಪಾನಾ ಮ್ಯಾಲ ಕಾಲಿಟ್ಟು ನಿಂತ್ರೂ ಅಳ್ಳಾಡಿರಲಿಲ್ಲ. 19 ಎಂಎಂ ಸಾಕೆಟ್ (ನಟ್ ಮ್ಯಾಲ ಕೂಡೋ ಟೊಪ್ಪಿಗಿ) ಹಾಕಿ ರಿವರ್ಸ್ ಒತ್ತಿದೆ, ಮೊದ್ಲ ಬರೇ ಟರ್ ಟರ್ ಅಂತ ಬಡೀತು, ಆಮ್ಯಾಲ ಕೆಂಪು ಪುಡಿ ಉದುರಿ ಹಗೂರ ತಿರುಗಿ ಬಂತ್ರಿ, ಭಾಳ ಖುಷಿ ಆಯ್ತು. ಸಣ್ಣ ಕಾರಿನ ಗಾಲಿ ನಟ್ ಬಿಗಿಯೋ ಟಾರ್ಕ್, ಅಂದ್ರ ತಿರುಗಿಸೋ ಬಲ, 100 ನ್ಯೂಟನ್ ಮೀಟರ್ ಆಸುಪಾಸೇ, ಆದ್ರ ತುಕ್ಕು ಹಿಡಿದಿದ್ದು ಬಿಚ್ಲಾಕ ಅದಕ್ಕಿಂತ ಭಾಳ ಬೇಕು, ಟಾರ್ಕ್ ಜಾಸ್ತಿ ಇದ್ದಿದ್ದೇ ತಗೋ ಅಂತ ನೀವು ಹೇಳಿದ್ದು ಖರೇ ಅದ.

ಇನ್ನೊಂದ್, ಹೊಳೆಯೋ ಕ್ರೋಮ್ ಸಾಕೆಟ್ ಇದಕ್ಕ ಹಾಕಬ್ಯಾಡ್ರಿ, ಒಡೆದು ಸಿಡೀಬಹುದು, ಕರಿ ಬಣ್ಣದ ಇಂಪ್ಯಾಕ್ಟ್ ಸಾಕೆಟ್ಟೇ ಬೇಕು. ಬಿಗಿಯಾಕ ಈ ಇಂಪ್ಯಾಕ್ಟ್ ರೆಂಚ್ ಬ್ಯಾಡ, ಕೈಲೆ ಹಚ್ಚಿ ಎಷ್ಟು ಬಿಗಿ ಆಯ್ತು ಅಂತ ತೋರ್ಸೋ ಟಾರ್ಕ್ ರೆಂಚಿಂದ ಮುಗಸ್ರಿ. ಬ್ಯಾಟರಿ ಮಾತ್ರ ನಮ್ಮ ಬ್ಯಾಸಗಿ ಬಿಸಲಾಗ ಡಿಕ್ಕಿಯೊಳಗ ಬಿಡಬ್ಯಾಡ್ರಿ.